ಒಗರು ಬೇಕು, ಕಹಿ ಬೇಡ: ಒಳ್ಳೆಯ ಬ್ಲ್ಯಾಕ್ ಟೀ ಆರಿಸುವುದು, ಕುದಿಸದೆ ನೆನೆಸುವುದು

ನಮ್ಮ ಮನೆಗೆ ಒಳ್ಳೆಯ ಬ್ಲ್ಯಾಕ್ ಟೀ ಮೊದಲು ಬಂದದ್ದು ದೊಡ್ಡಮ್ಮನ ಬ್ಯಾಗಿನಲ್ಲಿ. ಟೂರಿನವರ ಜೊತೆ ಡಾರ್ಜಿಲಿಂಗ್, ಗ್ಯಾಂಗ್‌ಟಾಕ್ ಸುತ್ತಿ ಬಂದವರು ಹಸಿರು ಡಬ್ಬಿಯೊಂದನ್ನು ಕೈಗಿಟ್ಟು, "ತುಂಬಾ ದುಬಾರಿ ಕಣೋ, ಹಾಳು ಮಾಡ್ಬೇಡಿ" ಅಂದಿದ್ದರು. ಅಮ್ಮ ಎಂದಿನಂತೆ ಪಾತ್ರೆಗೆ ನೀರು, ಹಾಲು, ಸಕ್ಕರೆ, ಎರಡು ಚಮಚ ಎಲೆ ಹಾಕಿ ಮೂರು ಉಕ್ಕು ಬರಿಸಿದಳು. ಒಂದು ಗುಟುಕು ಕುಡಿದು, "ಇದೇನಿದು, ಹಾಲಿನಲ್ಲಿ ಒಣಹುಲ್ಲು ಅದ್ದಿದ ಹಾಗಿದೆ" ಅಂದಳು. ಆ ಡಬ್ಬಿ ಎರಡು ವರ್ಷ ಸಾರಿನಪುಡಿಯ ಪಕ್ಕ ಕೂತು, ಕೊನೆಗೆ ಗುಲಾಬಿ ಗಿಡದ ಬುಡ ಸೇರಿತು. ಹಾಲಿಗೆ ಹಾಕುವ ಪುಡಿ ಬೇರೆ, ಬರೀ ನೀರಿನಲ್ಲಿ ನೆನೆಸುವ ಎಲೆ ಬೇರೆ ಎಂಬುದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಲು ಹಾಕಿದ ಟೀಯಲ್ಲೇ ಬೆಳೆದ ನಾಲಿಗೆಗೆ ಹಾಲಿಲ್ಲದ ಟೀ ಹಿಡಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ತೂಕದ ಯಂತ್ರ (ಅಡುಗೆಮನೆಯ ಚಿಕ್ಕದು ಸಾಕು), ಒಳಗೆ ಬಿಳಿ ಇರುವ ಎರಡು ಟೀ ಕಪ್ಪು, ಮೊಬೈಲಿನ ಟೈಮರ್, ಒಂದು ಟೀ ಜಾಲರಿ ಇದ್ದರೆ ಆಯಿತು.

ಮೊದಲು ಎರಡು ರುಚಿ ಬೇರೆ ಮಾಡಿಕೊಳ್ಳಿ

ಟೀ ಅಂಗಡಿಗೆ ಹೋಗುವ ಮುಂಚೆ ಮೆಂತ್ಯದ ಡಬ್ಬಿ ತೆಗೆಯಿರಿ. ನಾಲ್ಕು ಕಾಳು ಅಗಿಯಿರಿ. ಅದು ಕಹಿ. ಬಾಯಿ ಮುಕ್ಕಳಿಸಿ, ಐದು ನಿಮಿಷ ಬಿಟ್ಟು ಹಸಿ ಬಾಳೆಕಾಯಿಯ ಚೂರನ್ನೋ ಸರಿಯಾಗಿ ಹಣ್ಣಾಗದ ನೇರಳೆಯನ್ನೋ ಕಚ್ಚಿ. ಅದು ಒಗರು. ಕಹಿಯನ್ನು ನಾಲಿಗೆ ಹೇಳುತ್ತದೆ. ಒಗರನ್ನು ಹೇಳುವುದು ಕೆನ್ನೆಯ ಒಳಭಾಗ ಮತ್ತು ಒಸಡು. ಬಾಯಿ ಬಿಗಿದ ಹಾಗೆ, ಜೊಲ್ಲು ಆರಿದ ಹಾಗೆ ಆಗುತ್ತದೆ. ಆರು ರಸಗಳಲ್ಲಿ ಒಗರಿಗೂ ಜಾಗ ಕೊಟ್ಟವರು ನಾವು. ಹಾಗಾಗಿ ಟೀ ರುಚಿ ಕಲಿಯುವುದರಲ್ಲಿ ನಮಗೆ ಅರ್ಧ ಕೆಲಸ ಆಗಲೇ ಮುಗಿದಿದೆ.

ಟೀ ಎಲೆಯಲ್ಲಿರುವ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಒಗರು ಹುಟ್ಟುತ್ತದೆ. ಹಾಲು ಹಾಕಿದರೆ ಅವು ಹಾಲಿನ ಪ್ರೋಟೀನಿಗೇ ಅಂಟಿ ಕೂರುತ್ತವೆ, ಬಾಯಿಗೆ ಬರುವುದು ಕಡಿಮೆ. ಜೋರಾಗಿ ಕುದಿಸಿದ ಟೀಯೂ ಹಾಲು ಬಿದ್ದ ಕೂಡಲೇ ಮೆತ್ತಗಾಗುವುದು ಇದರಿಂದಲೇ. ಹಾಲಿಲ್ಲದ ಟೀಗೆ ಈ ಆಸರೆ ಇಲ್ಲ. ಒಳ್ಳೆಯ ಬ್ಲ್ಯಾಕ್ ಟೀಯಲ್ಲಿ ಒಗರು ಬಂದು, ಬಾಯಿ ಚೊಕ್ಕ ಮಾಡಿ, ಹೊರಟು ಹೋಗಬೇಕು. ಟೀ ರುಚಿ ನೋಡುವ ವೃತ್ತಿಯವರು 'ಬ್ರಿಸ್ಕ್' ಅನ್ನುವುದು ಇದಕ್ಕೇ. ಗುಟುಕು ಇಳಿದ ಮೇಲೂ ನಾಲಿಗೆಯ ಹಿಂಬದಿಯಲ್ಲಿ ಮೆಂತ್ಯ ಕೂತಿದ್ದರೆ ಎಲೆ ಕೆಟ್ಟದ್ದು, ಇಲ್ಲವೇ ನಾವು ಮಾಡಿದ್ದು ಕೆಟ್ಟದ್ದು. ಹೆಚ್ಚು ಸಲ ಎರಡನೆಯದೇ.

ಮನೆಯ ಪುಡಿಯನ್ನು ತಟ್ಟೆಗೆ ಸುರಿಯಿರಿ

ಈಗಿರುವ ಪುಡಿಯನ್ನು ಒಂದು ಚಮಚ ಬಿಳಿ ತಟ್ಟೆಯ ಮೇಲೆ ಹರಡಿ. ಸಾಸಿವೆಯಷ್ಟು, ರಾಗಿಯಷ್ಟು ಉರುಟಾದ ಕಂದು ಕಾಳು ಕಂಡರೆ ಅದು ಸಿಟಿಸಿ. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿ ಮಾಡುವ ಈ ಪದ್ಧತಿ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಬೇಗ ಬಣ್ಣ ಬಿಡುತ್ತದೆ, ಹಾಲಿಗೆ ಎದುರು ನಿಲ್ಲುತ್ತದೆ, ಕಡಿಮೆ ಪುಡಿಗೆ ಹೆಚ್ಚು ಕಪ್ ಟೀ ಸಿಗುತ್ತದೆ. ನಮ್ಮ ಟೀ ಅಂಗಡಿಗಳು ನಡೆಯುತ್ತಿರುವುದೇ ಇದರ ಮೇಲೆ.

ತೆಳ್ಳಗೆ ತಿರುಚಿದ, ಉದ್ದುದ್ದ ಕಡ್ಡಿಯಂಥ ಎಲೆ ಕಂಡರೆ ಅದು ಆರ್ಥೊಡಾಕ್ಸ್. ಚಿಗುರನ್ನು ಬಾಡಿಸಿ, ಉಜ್ಜಿ ಹೊಸೆದು, ಗಾಳಿಗೆ ಬಿಟ್ಟು ಕಂದು ಬಣ್ಣಕ್ಕೆ ತಿರುಗಿಸಿ, ಒಣಗಿಸುತ್ತಾರೆ. ಹೆಚ್ಚಿಟ್ಟ ಬದನೆಕಾಯಿ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದಲ್ಲ, ಟೀ ಎಲೆ ಕಪ್ಪಾಗುವುದೂ ಅದೇ ರೀತಿಯ ಕಿಣ್ವದಿಂದ. ಆ ಕೆಲಸಕ್ಕೆ ಪೂರ್ತಿ ಬಿಟ್ಟರೆ ಬ್ಲ್ಯಾಕ್ ಟೀ, ಅರ್ಧಕ್ಕೆ ತಡೆದರೆ ಊಲಾಂಗ್, ಮೊದಲೇ ಬಿಸಿ ತಾಗಿಸಿ ತಡೆದರೆ ಗ್ರೀನ್ ಟೀ. ಗಿಡ ಮಾತ್ರ ಎಲ್ಲಕ್ಕೂ ಒಂದೇ, ಕ್ಯಾಮೆಲಿಯಾ ಸೈನೆನ್ಸಿಸ್. ಗ್ರೀನ್ ಟೀ ಗಿಡ ಅಂತ ನರ್ಸರಿಯಲ್ಲಿ ಬೇರೆ ಸಿಗುವುದಿಲ್ಲ.

ಹಾಲಿಲ್ಲದೆ ಕುಡಿಯಲು ಆರ್ಥೊಡಾಕ್ಸ್ ಹುಡುಕಿ. ಅಂಗಡಿಯಲ್ಲಿ ಈ ಹೆಸರು ಹೇಳಿದರೆ ಕೆಲವರು ಮುಖ ನೋಡುತ್ತಾರೆ. "ಎಲೆ ಟೀ ಇದೆಯಾ, ಪುಡಿ ಅಲ್ಲ" ಅಂದರೆ ತಿಳಿಯುತ್ತದೆ. ಹಾಗಂತ 'ಡಸ್ಟ್' ಎಂದರೆ ಕಾರ್ಖಾನೆಯ ನೆಲ ಗುಡಿಸಿದ್ದು ಎನ್ನುವ ಮಾತು ನಂಬಬೇಡಿ. ಜರಡಿಯಲ್ಲಿ ಎಲ್ಲಕ್ಕಿಂತ ಸಣ್ಣಗೆ ಇಳಿದದ್ದು ಡಸ್ಟ್, ಅಷ್ಟೇ. ಒಳ್ಳೆಯ ತೋಟದ ಡಸ್ಟ್ ಕೆಟ್ಟ ತೋಟದ ಎಲೆಗಿಂತ ಎಷ್ಟೋ ವಾಸಿ.

ಎಲ್ಲಿಂದ ಶುರು ಮಾಡಬೇಕು

ಬಹಳ ಜನ ಡಾರ್ಜಿಲಿಂಗ್‌ನಿಂದ ಶುರು ಮಾಡಿ ಅಲ್ಲೇ ಸೋಲುತ್ತಾರೆ. ನನ್ನ ಸಲಹೆ ನೀಲಗಿರಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಘಟ್ಟ ಸಿಕ್ಕಿತು. ಅಲ್ಲಿನ ಸಣ್ಣ ಟೀ ಬೆಳೆಗಾರರಲ್ಲಿ ಬಡಗರು ಬಹಳ. ಅವರ ನುಡಿ ಕಿವಿಗೊಟ್ಟರೆ ಕನ್ನಡದ ನೆಂಟಸ್ತಿಕೆ ಕೂಡಲೇ ತಿಳಿಯುತ್ತದೆ. ಕೂನೂರಿನಲ್ಲಿ ಟೀ ಹರಾಜು ಕೇಂದ್ರವೇ ಇದೆ. ನೀಲಗಿರಿಯ ಎಲೆ ಟೀ ಹಗುರ, ಹೂವಿನ ಪರಿಮಳ, ಒಂದು ನಿಮಿಷ ಹೆಚ್ಚು ನೆನೆದರೂ ಕ್ಷಮಿಸುತ್ತದೆ. ಕಲಿಯುವವರಿಗೆ ಈ ಗುಣ ದೊಡ್ಡದು. ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ಚಿಗುರು ನಿಧಾನ ಬೆಳೆದಾಗ ಕೊಯ್ದದ್ದನ್ನು 'ಫ್ರಾಸ್ಟ್ ಟೀ' ಎಂದು ಮಾರುತ್ತಾರೆ. ಸಿಕ್ಕರೆ 50 ಗ್ರಾಂ ತನ್ನಿ.

ಎರಡನೆಯದು ಅಸ್ಸಾಂ. ಬ್ರಹ್ಮಪುತ್ರದ ಬಯಲು, ಸೆಕೆ, ಮಳೆ, ಅಗಲ ಎಲೆಯ ಅಸ್ಸಾಮಿಕಾ ತಳಿ. ಮೇ, ಜೂನ್ ಹೊತ್ತಿನ ಎರಡನೇ ಕೊಯ್ಲು, ಅಂದರೆ 'ಸೆಕೆಂಡ್ ಫ್ಲಶ್', ಇಲ್ಲಿನ ಉತ್ತಮ ಮಾಲು. ಇದನ್ನು 'ಮಾಲ್ಟಿ' ಎಂದು ವರ್ಣಿಸುತ್ತಾರೆ. ಏನೆಂದು ತಿಳಿಯದೆ ನಾನು ಬಹಳ ದಿನ ಒದ್ದಾಡಿದೆ. ಕೊನೆಗೆ ಹೊಳೆದದ್ದು ಮೊಳಕೆ ರಾಗಿ ಹುರಿದು ಬೀಸುವಾಗ ಬರುವ ವಾಸನೆ. ರಾಗಿ ಮಾಲ್ಟ್ ಕುಡಿದು ಬೆಳೆದವರಿಗೆ ಅಸ್ಸಾಂ ಕಪ್ಪಿನಲ್ಲಿ ಅದು ಸಿಕ್ಕೇ ಸಿಗುತ್ತದೆ. ಎಲೆಯ ನಡುವೆ ಹೊಂಬಣ್ಣದ ತುದಿಗಳು ಕಂಡರೆ ಅವು ಮೊಗ್ಗುಚಿಗುರು.

ಮೂರನೆಯದಕ್ಕೆ ಡಾರ್ಜಿಲಿಂಗ್ ಇರಲಿ, ಅದರಲ್ಲೂ ಸೆಕೆಂಡ್ ಫ್ಲಶ್. ಒಣದ್ರಾಕ್ಷಿಯಂಥ ಪರಿಮಳವಿರುವ ಇದನ್ನು 'ಮಸ್ಕಟೆಲ್' ಅನ್ನುತ್ತಾರೆ. ಹಸಿರು ಜಿಗಿಹುಳು, ಥ್ರಿಪ್ಸ್ ನುಸಿ ಎಲೆಯ ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆ ಹುಟ್ಟಿಸುವ ವಸ್ತುಗಳಿಗೆ ಈ ಪರಿಮಳದಲ್ಲಿ ದೊಡ್ಡ ಪಾಲಿದೆ. ನಮ್ಮ ಬದನೆ, ಬೆಂಡೆಗೆ ಬಂದರೆ ಶಾಪ ಹಾಕುವ ಜಿಗಿಹುಳು ಅಲ್ಲಿ ಬೆಲೆ ಏರಿಸುತ್ತದೆ! ಮಾರ್ಚ್, ಏಪ್ರಿಲ್‌ನ ಫಸ್ಟ್ ಫ್ಲಶ್ ಬ್ಲ್ಯಾಕ್ ಟೀ ಎಂದೇ ಮಾರಾಟವಾದರೂ ಎಲೆ ಅರ್ಧ ಹಸಿರಾಗಿಯೇ ಇರುತ್ತದೆ, ಬಣ್ಣ ತಿಳಿ ಹೊನ್ನು. ದೊಡ್ಡಮ್ಮ ತಂದದ್ದು ಇದೇ ಇದ್ದಿರಬೇಕು. ಹಾಲಿಗೆ ಹಾಕಿದರೆ ಒಣಹುಲ್ಲಾಗದೆ ಇನ್ನೇನಾದೀತು?

ಡಾರ್ಜಿಲಿಂಗ್ ಟೀ 2004ರಲ್ಲಿ ಭಾರತದ ಮೊದಲ ಭೌಗೋಳಿಕ ಸೂಚಿಯ ಮಾನ್ಯತೆ ಪಡೆಯಿತು. ಪ್ಯಾಕೆಟ್ಟಿನ ಮೇಲೆ ಎಲೆ ಹಿಡಿದ ಹೆಣ್ಣಿನ ಚಿತ್ರದ ಟೀ ಬೋರ್ಡ್ ಲಾಂಛನ, ತೋಟದ ಹೆಸರು, ಕೊಯ್ಲಿನ ಕಾಲ ಮೂರೂ ಇದೆಯೇ ನೋಡಿ. ಗಡಿಯಾಚೆಯ ನೇಪಾಳದ ಎಲೆ ಡಾರ್ಜಿಲಿಂಗ್ ಹೆಸರಲ್ಲಿ ಬಿಕರಿಯಾಗುತ್ತದೆ ಎಂಬ ದೂರು ಅಲ್ಲಿನ ಬೆಳೆಗಾರರದು. ನೇಪಾಳದ ಇಲಾಮ್ ಟೀಯೇನೂ ಕಳಪೆಯಲ್ಲ. ಅದರದೇ ಹೆಸರಲ್ಲಿ ಸಿಕ್ಕರೆ ಧಾರಾಳವಾಗಿ ಕೊಳ್ಳಿ.

ನಮ್ಮ ಕಾಫಿ ಸೀಮೆಯಲ್ಲೂ ಟೀ ತೋಟಗಳಿವೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರ ಕಡೆಯ ಕಾಡುಮನೆ, ಕೊಡಗಿನ ಗ್ಲೆನ್‌ಲೋರ್ನಾ. ಆ ಕಡೆ ಹೋದಾಗ ಜೇನು, ಕಾಫಿಪುಡಿಯ ಜೊತೆ ಇವನ್ನೂ ಕೇಳಿ ನೋಡಿ.

ಪ್ಯಾಕೆಟ್ ಓದುವುದು, ಕೊಳ್ಳುವುದು

ಎಫ್‌ಟಿಜಿಎಫ್‌ಒಪಿ ಎಂದು ಉದ್ದಕ್ಕೆ ಅಕ್ಷರ ಕಂಡು ಹೆದರಬೇಡಿ. ಒಪಿ ಎಂದರೆ ಆರೆಂಜ್ ಪೆಕೊ, ಇಡೀ ಎಲೆ. ಕಿತ್ತಳೆ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಬಿ ಸೇರಿ ಬಿಒಪಿ ಆದರೆ ಮುರಿದ ಎಲೆ, ಬೇಗ ಬಿಡುತ್ತದೆ, ಗಡುಸು. ಹಿಂದೆ ಎಫ್ ಸೇರಿ ಬಿಒಪಿಎಫ್ ಆದರೆ ಇನ್ನೂ ಸಣ್ಣದು. ಟಿಪ್ಪಿ, ಗೋಲ್ಡನ್ ಅನ್ನುವುದು ಚಿಗುರಿನ ತುದಿ ಎಷ್ಟಿದೆ ಎಂಬುದಕ್ಕೆ. ಈ ಅಕ್ಷರಗಳು ಎಲೆಯ ಗಾತ್ರ, ಚಿಗುರು ಹೇಳುತ್ತವೆಯೇ ಹೊರತು ರುಚಿಯನ್ನಲ್ಲ. ನಾನು ಮೊದಲು ನೋಡುವುದು ಪ್ಯಾಕ್ ಮಾಡಿದ ತಿಂಗಳು. ಆಮೇಲೆ ತೋಟದ ಹೆಸರು. ಬರೀ 'ಪ್ರೀಮಿಯಂ' ಅಂತಿದ್ದು ಇವೆರಡೂ ಇಲ್ಲದಿದ್ದರೆ ವಾಪಸ್ ಇಡುತ್ತೇನೆ.

ಯಾವುದನ್ನೂ ಮೊದಲ ಸಲ 50 ಗ್ರಾಂಗಿಂತ ಹೆಚ್ಚು ಕೊಳ್ಳಬೇಡಿ. ಬೆಲೆ ಕಂಡು ಎದೆ ಧಸಕ್ಕೆಂದರೆ ಲೆಕ್ಕ ಹಾಕಿ: ಕಪ್ಪಿಗೆ ಎರಡೂವರೆ ಗ್ರಾಂ ಹಿಡಿದರೆ 100 ಗ್ರಾಂಗೆ 40 ಕಪ್ಪು. 400 ರೂಪಾಯಿಯ ಪೊಟ್ಟಣವೂ ಕಪ್ಪಿಗೆ 10 ರೂಪಾಯಿ ಬಿತ್ತು. ಇಡೀ ಎಲೆಯಾದರೆ ಅದೇ ಎಲೆಗೆ ಎರಡನೇ ಸಲ ನೀರು ಹಾಕಬಹುದು, ಆಗ ಇನ್ನೂ ಅಗ್ಗ.

ಬಿಡಿಯಾಗಿ ತಂದ ಪುಡಿಯ ಮೇಲೆ ಅನುಮಾನವಿದ್ದರೆ ಬಿಳಿ ಫಿಲ್ಟರ್ ಕಾಗದದ ಮೇಲೆ ಚಿಟಿಕೆ ಉದುರಿಸಿ, ತಣ್ಣೀರು ಚಿಮುಕಿಸಿ. ಕೂಡಲೇ ಗಾಢ ಬಣ್ಣದ ಕಲೆ ಹರಡಿದರೆ ಅದು ಬಣ್ಣ ಕಟ್ಟಿದ ಪುಡಿ. ಅಯಸ್ಕಾಂತ ಆಡಿಸಿದಾಗ ಕಬ್ಬಿಣದ ಚೂರು ಅಂಟಿದರೂ ಗಾಬರಿ ಬೇಡ. ಯಂತ್ರ ಸವೆದು ಒಂದಿಷ್ಟು ಬರುತ್ತದೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ ಕಿಲೋಗೆ 150 ಮಿಲಿಗ್ರಾಂ ಮಿತಿ ಇಟ್ಟಿದೆ. ಅಯಸ್ಕಾಂತಕ್ಕೆ ಗಡ್ಡ ಬೆಳೆದ ಹಾಗೆ ಕಂಡರೆ ಮಾತ್ರ ಆ ಅಂಗಡಿ ಬಿಡಿ.

ನೀರು

ಕಪ್ಪಿನಲ್ಲಿ ಎಲೆಗಿಂತ ನೀರೇ ಹೆಚ್ಚಲ್ಲವೇ? ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಮನೆಯಲ್ಲಿದ್ದಾಗ ಪ್ರತಿ ಕಪ್ಪಿನ ಮೇಲೂ ಕಂದು ಪೊರೆಯೊಂದು ತೇಲುತ್ತಿತ್ತು. ಚಮಚ ಆಡಿಸಿದರೆ ಒಡೆದ ಗಾಜಿನ ಹಾಗೆ ಚೂರಾಗಿ ಕಪ್ಪಿನ ಅಂಚಿಗೆ ಮೆತ್ತಿಕೊಳ್ಳುತ್ತಿತ್ತು. ಟೀ ಕಲಬೆರಕೆಯೆಂದು ಎರಡು ಬ್ರಾಂಡ್ ಬದಲಿಸಿದೆ. ತಪ್ಪು ನೀರಿನದು. ಗಡಸು ನೀರಿನ ಸುಣ್ಣದಂಶ ಟೀ ಜೊತೆ ಸೇರಿ ಆ ಪೊರೆ ಕಟ್ಟುತ್ತದೆ. ನಿಮ್ಮಲ್ಲೂ ಕೆಟಲ್ಲಿನ ತಳ ಬೆಳ್ಳಗಾಗಿದ್ದರೆ ಒಂದು ವಾರ ಕಾವೇರಿ ನೀರೋ ಫಿಲ್ಟರ್ ನೀರೋ ಬಳಸಿ ನೋಡಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಅಸ್ಸಾಂ, ನೀಲಗಿರಿಗೆ ಕುದಿ ಬಂದ ನೀರನ್ನು ಆರಿಸದೆ ಹಾಕಬೇಕು.

ನೆನೆಸುವುದು

200 ಮಿಲಿಲೀಟರ್ ನೀರಿಗೆ ಎರಡೂವರೆ ಗ್ರಾಂ ಎಲೆ. ಚಮಚ ನಂಬಬೇಡಿ, ಸಿಟಿಸಿ ಒಂದು ಚಮಚಕ್ಕೂ ಉದ್ದ ಎಲೆ ಒಂದು ಚಮಚಕ್ಕೂ ತೂಕದಲ್ಲಿ ಬಹಳ ಅಂತರ. ಟೀ ಕಪ್ಪನ್ನೋ ಸ್ಟೀಲ್ ಪಾತ್ರೆಯನ್ನೋ ಬಿಸಿನೀರಿನಲ್ಲಿ ಒಮ್ಮೆ ಅಲುಬಿ ಚೆಲ್ಲಿ, ಎಲೆ ಹಾಕಿ, ನೀರು ಸುರಿದು ಮುಚ್ಚಿ. ಒಲೆ ಆರಿರಬೇಕು. ಇದೊಂದು ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಹೇಳಿದರೂ ಸಾಲದು: ಎಲೆ ಬಿದ್ದ ಮೇಲೆ ಬೆಂಕಿ ಬೇಡ.

ನೀಲಗಿರಿಗೆ ಮೂರರಿಂದ ನಾಲ್ಕು ನಿಮಿಷ, ಅಸ್ಸಾಂಗೂ ಅಷ್ಟೇ, ಡಾರ್ಜಿಲಿಂಗ್ ಸೆಕೆಂಡ್ ಫ್ಲಶ್‌ಗೆ ಮೂರು. ಫಸ್ಟ್ ಫ್ಲಶ್‌ಗೆ ನೀರು 85, 90 ಡಿಗ್ರಿಗೆ ಇಳಿದಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಾಫಿ ಆರಿಸುವ ಹಾಗೆ ಕುದಿನೀರನ್ನು ತಣ್ಣಗಿನ ಲೋಟಕ್ಕೆ ಒಮ್ಮೆ ಸುರಿದು, ಆಮೇಲೆ ಎಲೆಗೆ ಹಾಕಿ. ಸುಮಾರಾಗಿ ಸರಿಹೋಗುತ್ತದೆ. ಸರಪಳಿಯ ತುದಿಗೆ ನೇತಾಡುವ ಮೊಟ್ಟೆಯಂಥ ಟೀ ಗುಂಡು ಕೊಳ್ಳಬೇಡಿ. ಎಲೆ ಬಿಚ್ಚಿಕೊಂಡು ಮೂರು ಪಾಲು ಹಿಗ್ಗಬೇಕು, ಅದರೊಳಗೆ ಜಾಗವಿಲ್ಲ. ಸಮಯವಾದ ಕೂಡಲೇ ಸೋಸಿ, ಕೊನೆಯ ಹನಿಯವರೆಗೆ.

ಈಗ ಸೊರ್ರೆಂದು ಹೀರಿ. ಮನೆಯಲ್ಲಿ ಹಿರಿಯರು ಬೈದರೂ ಸರಿ, ಗಾಳಿ ಸೇರಿದರೇ ಪರಿಮಳ ಮೂಗಿಗೇರುವುದು. ಕಹಿ ಅನ್ನಿಸಿತೋ, ಮುಂದಿನ ಸಲ ಸಮಯ ಒಂದು ನಿಮಿಷ ಇಳಿಸಿ, ಎಲೆ ಇಳಿಸಬೇಡಿ. ಸಪ್ಪೆ ಅನ್ನಿಸಿತೋ, ಎಲೆ ಅರ್ಧ ಗ್ರಾಂ ಏರಿಸಿ, ಸಮಯ ಏರಿಸಬೇಡಿ. ನಾವು ಮಾಡುವುದು ಸದಾ ಇದರ ತಿರುಗುಮುರುಗು. ಸಪ್ಪೆಯಾದರೆ ಇನ್ನೆರಡು ನಿಮಿಷ ಬಿಡುತ್ತೇವೆ. ಗಡುಸು ಬರುವ ಬದಲು ಕಹಿ ಬರುತ್ತದೆ.

ಸೋಸಿದ ಎಲೆಯನ್ನು ಬಿಸಾಡುವ ಮುಂಚೆ ಮೂಸಿ ನೋಡಿ. ಒಳ್ಳೆಯ ಬ್ಲ್ಯಾಕ್ ಟೀಯ ನೆನೆದ ಎಲೆ ಹೊಸ ತಾಮ್ರದ ಚೊಂಬಿನ ಬಣ್ಣಕ್ಕಿರುತ್ತದೆ. ಕರ್ರಗೆ, ಮಂಕಾಗಿದ್ದರೆ ಒಣಗಿಸುವಾಗಲೋ ಗೋದಾಮಿನಲ್ಲೋ ಕೆಟ್ಟಿದೆ.

ಎರಡು ಕಪ್ಪು ಪಕ್ಕಪಕ್ಕ

ಒಂದೊಂದೇ ಟೀ ಒಂದೊಂದು ದಿನ ಕುಡಿದರೆ ವರ್ಷ ಕಳೆದರೂ ಏನೂ ತಿಳಿಯುವುದಿಲ್ಲ. ಭಾನುವಾರ ಬೆಳಿಗ್ಗೆ ಅಸ್ಸಾಂ, ನೀಲಗಿರಿ ಎರಡನ್ನೂ ಒಂದೇ ತೂಕ, ಒಂದೇ ನೀರು, ಒಂದೇ ಸಮಯಕ್ಕೆ ನೆನೆಸಿ ಅಕ್ಕಪಕ್ಕ ಇಡಿ. ವೃತ್ತಿಯವರಿಗೆ 1980ರಲ್ಲಿ ಬಂದ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ: 100 ಮಿಲಿಲೀಟರ್‌ಗೆ ಎರಡು ಗ್ರಾಂ, ಆರು ನಿಮಿಷ. ಕುಡಿಯಲು ಅದು ವಿಪರೀತ ಗಡುಸು. ಎಲೆಯ ದೋಷ ಬಯಲಿಗೆ ಬರಲೆಂದೇ ಹಾಗೆ ಮಾಡುತ್ತಾರೆ. ದುಬಾರಿ ಪೊಟ್ಟಣ ತಂದ ದಿನ ಒಮ್ಮೆ ಮಾಡಿ ನೋಡಿ.

ಎರಡೂ ಕಪ್ಪಿನಲ್ಲಿ ಸ್ವಲ್ಪ ಉಳಿಸಿ, ಪೂರ್ತಿ ಆರಲು ಬಿಡಿ. ಗಡುಸಾದ ಅಸ್ಸಾಂ ಕೆನೆ ಕಲಸಿದಂತೆ ಕದಡುತ್ತದೆ, ನೀಲಗಿರಿ ತಿಳಿಯಾಗಿಯೇ ಉಳಿಯುತ್ತದೆ. ಕದಡುವುದು ದೋಷವಲ್ಲ, ಸತ್ವ ಇರುವುದರ ಗುರುತು. ತಿಳಿಯಾಗಿರುತ್ತದೆಂದೇ ಐಸ್ ಟೀಗೆ ನೀಲಗಿರಿ ಎಲೆ ಹುಡುಕುತ್ತಾರೆ.

ಆಮೇಲೆ ಬೇರೆ ಊರುಗಳು

ಈ ಮೂರೂ ಕಣ್ಣುಮುಚ್ಚಿ ಗುರುತಿಸುವಂತಾದ ಮೇಲೆ ಸಿಲೋನ್, ಅಂದರೆ ಶ್ರೀಲಂಕಾದ ಟೀ, ತನ್ನಿ. ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ 1867ರಲ್ಲಿ ಅಲ್ಲಿ ಟೀ ತೋಟ ಹಾಕಿದ. ಎರಡೇ ವರ್ಷಕ್ಕೆ ಕಾಫಿ ಗಿಡಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದೆ ಲಂಕೆಯ ಕಾಫಿಯನ್ನೇ ಮುಗಿಸಿತು, ಟೀ ಆ ಜಾಗ ಹಿಡಿಯಿತು. ಅಲ್ಲಿನ ನುವಾರ ಎಲಿಯ ಬೆಟ್ಟದ್ದು ಹಗುರ, ಉವಾ ಸೀಮೆಯದ್ದು ಖಾರ ಅನ್ನಿಸುವಷ್ಟು ಚುರುಕು. ಚೀನಾದ ಕೀಮುನ್‌ನಲ್ಲಿ ಒಗರು ಇಲ್ಲವೆನ್ನುವಷ್ಟು ಕಡಿಮೆ, ಯುನ್ನಾನ್‌ನದು ಜೇನಿನ ಹಾಗೆ ಮೃದು. ವುಯಿ ಬೆಟ್ಟದ ಲ್ಯಾಪ್ಸಾಂಗ್ ಸೂಚಾಂಗ್ ಎಲೆಯನ್ನು ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಮಲೆನಾಡಿನ ಬಚ್ಚಲೊಲೆ ಮುಂದೆ ಕೂತು ಮೈ ಕಾಯಿಸಿಕೊಂಡವರಿಗೆ ಮೊದಲ ಗುಟುಕಿಗೇ ಹಿಡಿಸುತ್ತದೆ, ಉಳಿದವರು ಮುಖ ಸಿಂಡರಿಸುತ್ತಾರೆ. ಯಾರದಾದರೂ ಮನೆಯಲ್ಲಿ ಕುಡಿದು ನೋಡದೆ ಕೊಳ್ಳಬೇಡಿ.

ಊಲಾಂಗ್ ಬೇಕೆಂದರೆ ತೈವಾನಿನದು. ಗ್ರೀನ್ ಟೀ ಬೇಕೆಂದರೆ ಮೊದಲು ಹಿಮಾಚಲದ ಕಾಂಗ್ಡಾ. ಗ್ರೀನ್ ಟೀಗೆ 75, 80 ಡಿಗ್ರಿ ನೀರು, ಎರಡು ನಿಮಿಷ. ಕುದಿನೀರು ಹಾಕಿ, ಹತ್ತು ನಿಮಿಷ ಮರೆತು, ಆರೋಗ್ಯಕ್ಕೆಂದು ಮೂಗು ಹಿಡಿದು ಕುಡಿಯುವ ಶಿಕ್ಷೆ ಯಾರಿಗೂ ಬೇಡ. ಮಜ್ಜಿಗೆ ಹುಲ್ಲು, ಶುಂಠಿ, ದಾಸವಾಳದ 'ಹರ್ಬಲ್ ಟೀ'ಗಳಲ್ಲಿ ಟೀ ಎಲೆಯೇ ಇರುವುದಿಲ್ಲ, ಅವು ನಮ್ಮ ಕಷಾಯದ ಕುಲ.

ಎಲ್ಲವನ್ನೂ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಫ್ರಿಜ್ ಬೇಡ, ತೇವ ಹಿಡಿಯುತ್ತದೆ. ಡಬ್ಬಿಯಲ್ಲಿ ಹಿಂದೆ ಸಾರಿನಪುಡಿ ಇತ್ತೋ, ಇಂಗು ಇತ್ತೋ ಕೇಳಿಕೊಳ್ಳಿ. ಎಷ್ಟು ತೊಳೆದರೂ ಟೀ ಅದನ್ನು ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ, ಒಂದು ಗಂಟೆ ಅಂತರವಿರಲಿ.

ತಂದು ಹಿಡಿಸದೇ ಉಳಿದ ಪೊಟ್ಟಣಗಳು ಇದ್ದೇ ಇರುತ್ತವೆ. ಅವಕ್ಕೆ ಕರಾವಳಿಯ ಸುಲೈಮಾನಿ ದಾರಿ. ಎರಡು ಲೋಟ ನೀರಿಗೆ ಜಜ್ಜಿದ ಎರಡು ಏಲಕ್ಕಿ, ಒಂದು ಲವಂಗ, ಬೆರಳುಗುರಿನಷ್ಟು ಚಕ್ಕೆ, ಸಕ್ಕರೆ ಹಾಕಿ ಕುದಿಸಿ. ಒಲೆ ಆರಿಸಿ, ಒಂದು ಚಮಚ ಎಲೆ ಹಾಕಿ ಎರಡು ನಿಮಿಷ ಮುಚ್ಚಿ. ಗಾಜಿನ ಲೋಟಕ್ಕೆ ಸೋಸಿ, ಹಬೆ ಸ್ವಲ್ಪ ತಗ್ಗಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ಹನಿ ಬಿದ್ದ ಕಡೆಯಿಂದ ಕಡುಗೆಂಪು ಕರಗುತ್ತಾ ಇಡೀ ಲೋಟ ಜೇನಿನ ಬಣ್ಣಕ್ಕೆ ತಿರುಗುತ್ತದೆ.